ಎರಡು ನಕ್ಷತ್ರ ಕೊಟ್ಟ ಮಂಗಳವಾರದ ಓದುಗಿಗೆ

ಮಾನ್ಯ ಮಂಗಳವಾರದ ಓದುಗಿಯವರೇ,

ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಕನ್ನಡಕದ ನಂಬರು ಸರಿಯಾಗಿದೆಯೆಂದೂ, ನನ್ನ ತಂಗಿಯ ಮಗಳ ಕಾದಂಬರಿಯನ್ನು ಓದಿ ಮುಗಿಸಿದ ಆಯಾಸವೆಲ್ಲ ಇಷ್ಟರಲ್ಲಿ ಪರಿಹಾರವಾಗಿದೆಯೆಂದೂ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ತಮ್ಮ ನಿಜವಾದ ಹೆಸರು ತಿಳಿಯದ್ದರಿಂದ ಓದುಗರ ಜಾಲತಾಣದಲ್ಲಿ ತಾವು ಇಟ್ಟುಕೊಂಡಿರುವ ಹೆಸರಿನಿಂದಲೇ ಕರೆದಿದ್ದೇನೆ, ಕ್ಷಮಿಸಬೇಕು. ಉತ್ತರವನ್ನು ಅಲ್ಲಿಯೇ ಸಲ್ಲಿಸೋಣವೆಂದರೆ ಆ ಜಾಲತಾಣವು ನನ್ನ ಪಾಸ್‌ವರ್ಡನ್ನು ಮೂರು ಸಲ ತಿರಸ್ಕರಿಸಿ, ನಾಲ್ಕನೆಯ ಸಲ ನಾನು ಮನುಷ್ಯಳು ಹೌದೋ ಅಲ್ಲವೋ ಎಂದು ವಿಚಾರಿಸಿತು. ಎಪ್ಪತ್ತೇಳು ವರ್ಷ ಬದುಕಿ, ಇಬ್ಬರು ಗಂಡಂದಿರನ್ನು ಮಣ್ಣು ಮಾಡಿ, ಚರ್ಚಿನ ಅಡುಗೆಮನೆಯನ್ನು ಇಪ್ಪತ್ತೆರಡು ವರ್ಷ ನಡೆಸಿದವಳು ಇಂಥ ಪ್ರಶ್ನೆಗೆಲ್ಲ ಉತ್ತರ ಕೊಡುತ್ತಾ ಕೂರುವುದಿಲ್ಲ. ಆದ್ದರಿಂದ ನಮ್ಮ ಟ್ಯುಲಿಪ್ ಸ್ಪ್ರಿಂಗ್ಸ್‌ನಲ್ಲೂ ಪಕ್ಕದ ಕೌಂಟಿಯ ಮಾರ್ಲೋದಲ್ಲೂ ಬುಧವಾರ ಬುಧವಾರ ಮನೆಬಾಗಿಲಿಗೆ ಬೀಳುವ ಈ ವಾರಪತ್ರಿಕೆಯ ಸಂಪಾದಕರನ್ನು ಕಾಡಿ ಬೇಡಿ, ಹಳೆಯ ಟ್ರ್ಯಾಕ್ಟರಿನ ಜಾಹೀರಾತಿನ ಪಕ್ಕದಲ್ಲಿ ಇಷ್ಟು ಜಾಗ ಪಡೆದಿದ್ದೇನೆ.

ನನ್ನ ಪರಿಚಯ ತಮಗೆ ಈಗಾಗಲೇ ಇದೆ. 'ಮುಚ್ಚಳ ತೆರೆಯಬೇಡಿ' ಕಾದಂಬರಿಯಲ್ಲಿ ಬರುವ ದೊಡ್ಡಮ್ಮ ನಾನೇ. ಪುಸ್ತಕದಲ್ಲಿ ನನಗೆ ಬೇರೆ ಹೆಸರು ಕೊಟ್ಟು, ಇಪ್ಪತ್ತು ಪೌಂಡು ತೂಕ ಜಾಸ್ತಿ ಮಾಡಿ, ಯಾವತ್ತೂ ನನ್ನ ತಲೆಯ ಮೇಲಿಲ್ಲದ ನೇರಳೆ ಟೋಪಿಯೊಂದನ್ನು ಹೊರಿಸಲಾಗಿದೆ. ಅದರ ಕತೆ ಇಷ್ಟು: ಗಡಿಯಾರ ಮಾರುವ ಅಪ್ಪ ಸಾಯುತ್ತಾನೆ. ಸಾವಿನ ಮನೆಗೆ ಊರವರು ನಲವತ್ತು ಪಾತ್ರೆ ಅಡುಗೆ ತರುತ್ತಾರೆ. ಹಿಂದಿರುಗಿಸಲು ಅನುಕೂಲವಾಗಲೆಂದು ಪ್ರತಿ ಪಾತ್ರೆಯ ತಳದಲ್ಲೂ ಹೆಸರು ಬರೆದ ಟೇಪಿನ ತುಂಡಿರುತ್ತದೆ. ಪಾತ್ರೆ ತೊಳೆಯುತ್ತಿದ್ದ ಹಿರಿಮಗಳು, ಅಂದರೆ ಈ ದೊಡ್ಡಮ್ಮ, ಒಂದನ್ನು ಮಗುಚಿ ನೋಡಿದರೆ ಅಲ್ಲಿ ತನ್ನ ಅಪ್ಪನದೇ ಹೆಸರು, ಅದರ ಹಿಂದೊಂದು 'ಶ್ರೀಮತಿ', ಮುಂದೆ ಬೇರೆಯೇ ಊರು. ಪಕ್ಕದ ಕೋಣೆಯಲ್ಲಿ ವಿಧವೆ ತಾಯಿ ಕೂತಿದ್ದಾಳೆ. ಹಿರಿಮಗಳು ಆ ಪಾತ್ರೆಯನ್ನು ಓವನ್ನಿನಲ್ಲಿ ಅಡಗಿಸಿದವಳು, ಮುಂದಿನ ಮುನ್ನೂರು ಪುಟ ಅದನ್ನು ಅಟ್ಟಕ್ಕೆ, ಬಾವಿಮನೆಗೆ, ಚರ್ಚಿನ ಆರ್ಗನ್ ವಾದ್ಯದ ಹೊಟ್ಟೆಯೊಳಕ್ಕೆ ಸಾಗಿಸುತ್ತಾ ಓದುಗರನ್ನು ನಗಿಸುತ್ತಾಳೆ. ಕೊನೆಯಲ್ಲಿ ಅದು ಹೂಕುಂಡವಾಗುತ್ತದೆ.

ಆ ಪುಸ್ತಕ ಬಂದಾಗ ನಾನು ನನ್ನ ತಂಗಿಯ ಮಗಳು ರೊವೀನಾಳ ಜೊತೆ ಆರು ವಾರ ಮಾತು ಬಿಟ್ಟಿದ್ದೆ. ಅವಳೋ ಪೀಚ್ ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಂದು, "ದೊಡ್ಡಮ್ಮ, ಎಲ್ಲರಿಗೂ ಅತಿ ಇಷ್ಟ ಆಗಿರೋದೇ ನೀನು, ಬೇಕಾದ್ರೆ ಓದುಗರು ಬರೆದಿರೋದು ನೋಡು" ಎಂದಳು. ನೋಡಿದೆ. ಗ್ರಂಥಾಲಯದ ಕಂಪ್ಯೂಟರಿನ ಮುಂದೆ ನಾಲ್ಕು ಮಧ್ಯಾಹ್ನ ಕೂತು ಇನ್ನೂರ ಹದಿನಾಲ್ಕು ಅಭಿಪ್ರಾಯಗಳನ್ನೂ ಓದಿದೆ. ಓಹಾಯೋದ ಮಹನೀಯರೊಬ್ಬರು, ಯಾರಾದರೂ ಸತ್ತಾಗ ಈ ಜಾರ್ಜಿಯಾ ಕಡೆಯ ದಕ್ಷಿಣದವರು ಇಷ್ಟೊಂದು ತಿನ್ನುವುದೇಕೆಂದು ಕೇಳಿ ಮೂರು ನಕ್ಷತ್ರ ಕೊಟ್ಟಿದ್ದರು. ಒಬ್ಬಾಕೆ, ಆರನೇ ಅಧ್ಯಾಯದಲ್ಲಿ ನಾಯಿ ಸಾಯುತ್ತದೆಂದು ಮೊದಲೇ ಎಚ್ಚರಿಸಬೇಕಿತ್ತೆಂದು ಅತ್ತಿದ್ದರು. ಆ ನಾಯಿ ಸಾಯುವುದೇ ಇಲ್ಲ, ನಿದ್ದೆ ಮಾಡುತ್ತದೆ ಅಷ್ಟೆ. ಇನ್ನೊಬ್ಬರು ಪುಸ್ತಕದ ಪೊಟ್ಟಣ ಮಳೆಯಲ್ಲಿ ನೆನೆದು ಬಂತೆಂಬ ಕಾರಣಕ್ಕೆ ಇಡೀ ನಮ್ಮ ವಂಶಕ್ಕೆ ಒಂದೇ ನಕ್ಷತ್ರ ದಯಪಾಲಿಸಿದ್ದರು. ಇವರೆಲ್ಲರನ್ನೂ ನಾನು ಉದಾರವಾಗಿ ಕ್ಷಮಿಸಿದೆ, ಏಕೆಂದರೆ ಬಹುಮಂದಿ ದೊಡ್ಡಮ್ಮನನ್ನು ಹೊಗಳಿದ್ದರು ಮತ್ತು ಹೊಗಳಿಕೆ ನನ್ನ ರಕ್ತದೊತ್ತಡಕ್ಕೆ ಒಳ್ಳೆಯದು.

ಆಮೇಲೆ ತಮ್ಮ ಅಭಿಪ್ರಾಯ ಕಣ್ಣಿಗೆ ಬಿತ್ತು. "ಎರಡು ನಕ್ಷತ್ರ. ನಗು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ದೊಡ್ಡಮ್ಮನ ಪಾತ್ರವನ್ನು ನಂಬಲಾಗಲಿಲ್ಲ. ಇಂಥ ಹೆಂಗಸು ಭೂಮಿಯ ಮೇಲೆ ಇರಲು ಸಾಧ್ಯವಿಲ್ಲ." ಮಾನ್ಯರೇ, ನನ್ನ ಮೈಯೆಲ್ಲ ಉರಿದುಹೋಯಿತು. ಜೀವಮಾನದಲ್ಲಿ ನನ್ನನ್ನು ಜಗಳಗಂಟಿ ಎಂದವರಿದ್ದಾರೆ, ಉಪ್ಪು ಜಾಸ್ತಿ ಹಾಕುತ್ತಾಳೆ ಎಂದವರಿದ್ದಾರೆ, ನನ್ನ ಎರಡನೆಯ ಗಂಡ ಇನ್ನೂ ಹೆಚ್ಚಿನದನ್ನೇ ಹೇಳಿದ್ದಾನೆ. ಆದರೆ ನಾನು ಇರುವುದೇ ಇಲ್ಲ ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ. ತಮ್ಮ ಸೂಕ್ಷ್ಮದೃಷ್ಟಿಗೆ ತಲೆಬಾಗುತ್ತೇನೆ. ತಮ್ಮ ಮಾತನ್ನು ಗೌರವಿಸಿ ಮಾರನೆಯ ದಿನ ಬೆಳಿಗ್ಗೆ ಇಲ್ಲದಂತಿರಲು ಪ್ರಯತ್ನಿಸಿದೆ ಕೂಡ. ಆದರೆ ಮಂಡಿನೋವು ಬಿಡಲಿಲ್ಲ.

ರೊವೀನಾ ಫೋನಿನಲ್ಲಿ ಬುದ್ಧಿ ಹೇಳಿದಳು: "ಬೇಡ ದೊಡ್ಡಮ್ಮ, ಅಭಿಪ್ರಾಯ ಬರೆದೋರಿಗೆಲ್ಲ ಲೇಖಕರು ಉತ್ತರ ಕೊಡಬಾರದು, ಮರ್ಯಾದೆ ಹೋಗುತ್ತೆ." ನಾನು ಲೇಖಕಿಯಲ್ಲವೆಂದೂ, ಬರೆಯಿಸಿಕೊಂಡು ಮರ್ಯಾದೆ ಕಳೆದುಕೊಂಡವಳೆಂದೂ, ನನಗೆ ಆ ನಿಯಮ ಅನ್ವಯಿಸದೆಂದೂ ತಿಳಿಸಿ ಫೋನು ಇಟ್ಟೆ. ಇಟ್ಟವಳೇ ನೇರವಾಗಿ ಅವಳ ತಾಯಿ, ಅಂದರೆ ನನ್ನ ತಂಗಿ ನೆಲ್ಡಾಳ ಮನೆಗೆ ಹೋಗಿ, ಅವಳ ಕಂಪ್ಯೂಟರಿನಲ್ಲಿ ತಮ್ಮ ನಾಲ್ಕು ಸಾಲನ್ನು ತೋರಿಸಿ, ಬೈಯಲು ಅವಳೂ ಕೈಜೋಡಿಸಬೇಕೆಂದು ಕೇಳಿಕೊಂಡೆ. ನೆಲ್ಡಾ ಕನ್ನಡಕ ಏರಿಸಿ, "ಅಕ್ಕಾ, ಪೂರ್ತಿ ಓದಿದ್ದೀಯಾ? ಇಲ್ಲಿ ಕೆಳಗೆ 'ಇನ್ನಷ್ಟು ಓದಿ' ಅಂತ ಇದೆಯಲ್ಲೇ" ಎಂದಳು. ನನಗೇನು ಗೊತ್ತು! ನಾಲ್ಕು ಸಾಲು ಓದಿಯೇ ನನಗೆ ಸಾಕಾಗಿತ್ತು. ಅವಳು ಅದನ್ನು ಒತ್ತಿದಳು.

ಅಲ್ಲಿ ತಾವು ಹೀಗೆ ಬರೆದಿದ್ದೀರಿ. ಈ ಪತ್ರಿಕೆಯ ಓದುಗರಿಗೂ ತಿಳಿಯಲೆಂದು ಅಕ್ಷರ ಬಿಡದೆ ಕೊಡುತ್ತೇನೆ. "ಪುಸ್ತಕದಲ್ಲಿ ಪಾತ್ರೆ ಹಸಿರು ಎಂದಿದೆ. ಅದು ಬಿಳಿ, ಮೇಲೆ ನೀಲಿ ಹೂವು, ಒಂದು ಹಿಡಿ ಮುಕ್ಕಾಗಿರಬೇಕು. ಒಳಗೆ ಆಲೂಗಡ್ಡೆ ಅಲ್ಲ, ಈರುಳ್ಳಿ ಹಾಕದ ಕೋಳಿ-ಅನ್ನ. ವಿಧವೆಗೆ ತಿಳಿಯದಂತೆ ಪಾತ್ರೆ ಬಚ್ಚಿಟ್ಟರೆಂಬುದನ್ನು ನಂಬಬಲ್ಲೆ. ಆದರೆ ಆ ವಿಧವೆಯೂ ಒಂದು ದಿನ ತೀರಿಕೊಂಡಿರಬೇಕಲ್ಲ, ಆಮೇಲೆ? ಎರವಲು ತಂದ ಸ್ಕ್ರೂಡ್ರೈವರನ್ನು ಅದೇ ದಿನ ಹಿಂದಿರುಗಿಸುತ್ತಿದ್ದ ಮನುಷ್ಯನ ಮಗಳು ಬೇರೆಯವರ ಪಾತ್ರೆಯನ್ನು ಹೀಗೆ ಇಟ್ಟುಕೊಳ್ಳುತ್ತಾಳೆಯೇ? ನನಗೆ ಗೊತ್ತಿದ್ದ ಒಬ್ಬರು ಇಂಥದೇ ಪಾತ್ರೆಯೊಂದು ವಾಪಸ್ಸು ಬರುತ್ತದೆಂದು ಸಾಯುವವರೆಗೂ ಕಾದರು. ಅದಕ್ಕೇ ಎರಡು ನಕ್ಷತ್ರ."

ನಾನು ತಕ್ಷಣ ನೆಲ್ಡಾಳ ಮೇಲೆ ಹರಿಹಾಯ್ದೆ. ಹೊಟ್ಟೆಗೆ ಏನು ತಿನ್ನುತ್ತೀಯೆ, ಸ್ವಂತ ಮಗಳ ಪುಸ್ತಕಕ್ಕೆ ಕಳ್ಳಹೆಸರಿನಲ್ಲಿ ಎರಡು ನಕ್ಷತ್ರ ಕೊಡುತ್ತೀಯಲ್ಲ, ಅಪ್ಪ ಈರುಳ್ಳಿ ಮುಟ್ಟುತ್ತಿರಲಿಲ್ಲವೆಂದು ಮನೆಯವರಿಗಲ್ಲದೆ ಇನ್ನಾರಿಗೆ ಗೊತ್ತು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ನೆಲ್ಡಾ ಕನ್ನಡಕ ತೆಗೆದು, "ಅಕ್ಕಾ, ಆ ಪಾತ್ರೆ ಹಸಿರು ಅಂತಲೇ ನಾನೂ ಅಂದ್ಕೊಂಡಿದ್ದೆ. ನೀನು ನಮಗೆಲ್ಲ ಹಂಗೇ ತಾನೇ ಹೇಳಿದ್ದು? ಒಂದು ದಿನಾನೂ ತೋರಿಸ್ಲಿಲ್ಲವಲ್ಲೇ" ಎಂದಳು.

ನಿಜ. ಮಾತು ಎಲ್ಲಾದರೂ ಸೋರಿದರೂ ಪಾತ್ರೆ ಪತ್ತೆಯಾಗಬಾರದೆಂಬ ಜಾಣತನದಿಂದ ನಾನೇ ಬಣ್ಣ ಬದಲಾಯಿಸಿ ಹೇಳಿದ್ದೆ. ಅಲಸಂದೆ ಸುಲಿಯುತ್ತಾ ಕೂತಿದ್ದ ಒಂದು ಸಂಜೆ ರೊವೀನಾಳಿಗೆ ಹೇಳಿದ್ದೂ ಹಸಿರೆಂದೇ. ಅದರ ನಿಜವಾದ ಬಣ್ಣವನ್ನು ಕಂಡವಳು ನಾನೊಬ್ಬಳು. ಬಿಟ್ಟರೆ, ಅದನ್ನು ತಂದವರು. ನೆಲ್ಡಾ ಮೆಲ್ಲಗೆ ತಮ್ಮ ಹೆಸರಿನ ಮೇಲೆ ಬೆರಳಿಟ್ಟು, "ಮಂಗಳವಾರ ಕಣೇ" ಎಂದಳು.

ಈ ಪತ್ರಿಕೆಯ ಓದುಗರು ಗೊಂದಲಪಡಬಾರದೆಂದು ವಿವರಿಸುತ್ತೇನೆ. ನಮ್ಮ ಅಪ್ಪ ಹೊರೇಸ್ ಪ್ರುಯಿಟ್ ಮಾರುತ್ತಿದ್ದದ್ದು ಗಡಿಯಾರವಲ್ಲ, ಆತ ಮನೆಮನೆಗೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಚರ್ಚಿನ ಹಿರಿಯ. ಪ್ರತಿ ಮಂಗಳವಾರ ಬೆಳಿಗ್ಗೆ ತಿಂಡಿ ತಿಂದು ಮಾರ್ಲೋ ಕಡೆಗೆ ಹೊರಟರೆ ಬರುವುದು ಗುರುವಾರ ಬೆಳಿಗ್ಗೆ. ಮಾರ್ಲೋದ ಹೊಲಿಗೆ ಯಂತ್ರಗಳು ಅಷ್ಟೊಂದು ಕೆಡುತ್ತವಲ್ಲ ಎಂದು ನಮಗೆ ಒಂದು ದಿನವೂ ಅನುಮಾನ ಬರಲಿಲ್ಲ. ನಿಜ ಹೇಳಬೇಕೆಂದರೆ ನಮಗೆ ಮಂಗಳವಾರವೆಂದರೆ ಖುಷಿ, ಏಕೆಂದರೆ ಅವತ್ತು ಅಮ್ಮ ಬಾಣಲೆ ತುಂಬ ಈರುಳ್ಳಿ ಹುರಿಯುತ್ತಿದ್ದಳು. ಆತ ಸತ್ತಾಗ ಪಾಸ್ಟರರು ಎದೆಯ ಮೇಲೆ ಕೈಯಿಟ್ಟುಕೊಂಡು, "ನಮ್ಮ ಹೊರೇಸ್ ಸಹೋದರರದ್ದು ಒಂದೇ ಮಾತು, ಒಂದೇ ಮನೆ, ಒಬ್ಬಳೇ ಮಡದಿ" ಎಂದು ಸಾರಿದ್ದರು. ಆ ಪಾಸ್ಟರರು ಈಗಿಲ್ಲ, ಆದರೂ ಆ ವಾಕ್ಯವನ್ನು ತಿದ್ದಿಕೊಳ್ಳಬೇಕೆಂದು ಈ ಮೂಲಕ ಕೋರುತ್ತೇನೆ. ಮಾತು ಒಂದೇ ಎಂಬುದೊಂದನ್ನು ಬೇಕಾದರೆ ಹಾಗೇ ಬಿಡಬಹುದು, ಎರಡು ಮನೆಯಲ್ಲೂ ಆತ ಹೇಳಿದ್ದು ಅದೇ ಮಾತಿರಬೇಕು.

ಆ ದಿನ ಅಡುಗೆಮನೆಯ ಬಾಗಿಲಿಗೆ ಎತ್ತರದ ಹುಡುಗಿಯೊಬ್ಬಳು ಬಂದಿದ್ದಳು. ಇಪ್ಪತ್ತರ ಪ್ರಾಯವಿರಬಹುದು. ಹಿಂದೆ ಕಾರಿನ ಹತ್ತಿರ ಬೂದುಬಣ್ಣದ ಉಡುಪಿನ ಹೆಂಗಸೊಬ್ಬರು ನಿಂತಿದ್ದರು, ಒಳಗೆ ಬರಲಿಲ್ಲ. ಹುಡುಗಿ, "ಬಿಸಿ ಇದೆ, ಕೆಳಗೆ ಬಟ್ಟೆ ಹಿಡ್ಕೊಳ್ಳಿ" ಎಂದು ಪಾತ್ರೆ ಕೊಟ್ಟಳು. ನಾನು, "ದೇವರು ಒಳ್ಳೇದು ಮಾಡ್ಲಿ ಕಣಮ್ಮ, ಅಲ್ಲಿಡು" ಎಂದೆ. ಮುಖ ಎತ್ತಿ ನೋಡಲಿಲ್ಲ. ಮೂವತ್ತನಾಲ್ಕು ವರ್ಷ ಕಳೆದರೂ ಇದೊಂದು ನನ್ನನ್ನು ಕೊರೆಯುತ್ತದೆ: ನೋಡಿದ್ದರೆ ಕಿವಿ ಕಾಣುತ್ತಿತ್ತು. ಪ್ರುಯಿಟ್ ಮನೆತನದ ಕಿವಿ ಯಾವ ಟೋಪಿಯಲ್ಲೂ ಅಡಗುವುದಿಲ್ಲ.

ಈಗ ತಮ್ಮ ದೂರಿಗೆ ಬರುತ್ತೇನೆ. ತಾವು ನನ್ನನ್ನು ನಂಬಲಾಗದವಳೆಂದಿರಿ, ಒಪ್ಪಿದೆ. ಅಮ್ಮ ಬದುಕಿದ್ದ ಒಂಬತ್ತು ವರ್ಷ ಅವಳಿಗಾಗಿ ಬಚ್ಚಿಟ್ಟೆ, ಅದು ತಮಗೂ ಅರ್ಥವಾಗಿದೆ. ಆಮೇಲಿನ ಇಪ್ಪತ್ತೈದು ವರ್ಷಕ್ಕೆ ಯಾವ ನೆಪವೂ ಒದಗುವುದಿಲ್ಲ. ವಿಳಾಸ ಗೊತ್ತಿರಲಿಲ್ಲ ಎನ್ನುವಂತಿಲ್ಲ, ಟೇಪಿನ ಮೇಲೆ ಬೀದಿಯ ಹೆಸರೂ ಇದೆ. ಪೆಟ್ರೋಲಿಗೆ ಗತಿಯಿರಲಿಲ್ಲ ಎನ್ನುವಂತಿಲ್ಲ, ಮಾರ್ಲೋ ಇಲ್ಲಿಗೆ ಹತ್ತೊಂಬತ್ತು ಮೈಲಿ. ನನಗೆ ನಾಚಿಕೆಯಾಗುತ್ತಿತ್ತು, ಅಷ್ಟೆ. ಮೊದಮೊದಲು ಅಪ್ಪನಿಗಾಗಿ ನಾಚಿಕೆ, ಆಮೇಲಾಮೇಲೆ ಪಾತ್ರೆಗಾಗಿ. ಒಂದು ವರ್ಷ ತಡವಾದರೆ ಕ್ಷಮೆ ಕೇಳಿ ಕೊಡಬಹುದು, ಇಪ್ಪತ್ತು ವರ್ಷ ತಡವಾದ ಪಾತ್ರೆಯನ್ನು ಯಾವ ಮುಖ ಹೊತ್ತುಕೊಂಡು ಕೊಡಲಿ? ತಮ್ಮ ತಾಯಿಯವರು ಅದಕ್ಕಾಗಿ ಕಾದರೆಂದು ಓದಿದ ಮೇಲೆ ಮೂರು ದಿನ ನನಗೆ ಊಟ ಸೇರಲಿಲ್ಲ. ಅವರು ಕಾದದ್ದು ಪಾತ್ರೆಗಲ್ಲವೆಂಬಷ್ಟು ನನಗೂ ತಿಳಿಯುತ್ತದೆ. ಯಾರಾದರೂ ಒಬ್ಬರು ಬಾಗಿಲು ತಟ್ಟಿ, ನೀವು ಇದ್ದೀರೆಂದು ನಮಗೆ ಗೊತ್ತು ಎನ್ನಬೇಕಿತ್ತು. ಒಂದೇ ಒಂದು ಮಧ್ಯಾಹ್ನ ಇಲ್ಲವೆನಿಸಿಕೊಂಡದ್ದಕ್ಕೇ ನಾನು ಇಷ್ಟು ಉರಿದೆ, ನಾನು ಅವರಿಗೆ ಮಾಡಿದ್ದೂ ಅದನ್ನೇ.

ನಾನು ಇದನ್ನು ಅಚ್ಚಿಗೆ ಕೊಡುತ್ತೇನೆಂದಾಗ ನೆಲ್ಡಾ ತಲೆಯ ಮೇಲೆ ಕೈಹೊತ್ತು, "ಊರಿಗೆಲ್ಲ ಗೊತ್ತಾಗುತ್ತೆ ಕಣೇ ಅಕ್ಕಾ" ಎಂದಳು. ಪುಸ್ತಕ ಓದಿದವರಿಗೆ ನಂಬಿಕೆ ಬರಲಿಲ್ಲವಲ್ಲ, ಪತ್ರಿಕೆ ಓದಿದವರಿಗಾದರೂ ಬರಲಿ ಬಿಡು ಎಂದೆ. ನಾನು ಹೊರಡುವಾಗ ಅವಳೇ, "ಅವಳು ಬಂದ್ರೆ ನನಗೂ ಫೋನ್ ಮಾಡು, ಕಡುಬು ನಾನು ತರ್ತೀನಿ" ಎಂದಳು.

ಆದಕಾರಣ ಮಾನ್ಯರಲ್ಲಿ ನನ್ನ ಸವಿನಯ ಕೋರಿಕೆಗಳಿವು. ದೊಡ್ಡಮ್ಮ ಇದ್ದಾಳೆ ಎಂಬಷ್ಟನ್ನು ತಮ್ಮ ಅಭಿಪ್ರಾಯದಲ್ಲಿ ದಯವಿಟ್ಟು ತಿದ್ದಬೇಕು. ಆಕೆ ಒಳ್ಳೆಯವಳು ಎಂದೇನೂ ಬರೆಯಬೇಕಾಗಿಲ್ಲ. ಅಪ್ಪಂದಿರಿಗೆ ನಕ್ಷತ್ರ ಕೊಡುವ ಜಾಲತಾಣ ಎಲ್ಲಾದರೂ ಇದ್ದರೆ ತಿಳಿಸಬೇಕು, ನಾವು ಮೂವರೂ ಕೂತು ಚರ್ಚಿಸಿಯೇ ಕೊಡೋಣ. ಮತ್ತು ತಾವು ಬರುವ ಮಂಗಳವಾರ ನಮ್ಮ ಮನೆಗೆ ಊಟಕ್ಕೆ ಬರಬೇಕು. ಅಡುಗೆಮನೆಯ ಬಾಗಿಲಿಗಲ್ಲ, ಮುಂಬಾಗಿಲಿಗೆ. ಪಾತ್ರೆ ಹೂಕುಂಡವಾಗಿಲ್ಲ, ಹಿಡಿ ಆವತ್ತು ಎಷ್ಟು ಮುಕ್ಕಾಗಿತ್ತೋ ಇವತ್ತೂ ಅಷ್ಟೇ ಇದೆ, ಟೇಪನ್ನು ನಾನು ಕಿತ್ತಿಲ್ಲ. ಅದರ ಮೇಲಿರುವ 'ಶ್ರೀಮತಿ' ತಮ್ಮ ತಾಯಿಯವರು. ತಮ್ಮ ಹೆಸರೇನೆಂದು ಬಂದ ಕೂಡಲೇ ಹೇಳಬೇಕು, ಮುಖ ಎತ್ತಿ ನೋಡಿಯೇ ಕೇಳುತ್ತೇನೆ.

ತಮ್ಮ ವಿಶ್ವಾಸಿ, ಮತ್ತು ತಾವು ಒಪ್ಪುವುದಾದರೆ ಅಕ್ಕ,
ಇಮೋಜೀನ್ ಪ್ರುಯಿಟ್ ಸ್ಟ್ರಿಕ್‌ಲ್ಯಾಂಡ್
ಟ್ಯುಲಿಪ್ ಸ್ಪ್ರಿಂಗ್ಸ್, ಜಾರ್ಜಿಯಾ

ತಾ.ಕ.: ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲವೆಂಬುದು ತಮಗೂ ಗೊತ್ತು, ಆದ್ದರಿಂದ ಅದರಲ್ಲಿ ಕೋಳಿ-ಅನ್ನವನ್ನೇ ಮಾಡಿಟ್ಟಿರುತ್ತೇನೆ. ಆದರೆ ಆ ಮನುಷ್ಯನಿಗಾಗಿ ನಾವು ವಾರಕ್ಕೆ ಐದು ದಿನ, ತಾವು ಎರಡು ದಿನ ಈರುಳ್ಳಿ ಬಿಟ್ಟು ಉಂಡದ್ದು ಸಾಕು. ಈ ಮಂಗಳವಾರ ನಾಲ್ಕು ದಪ್ಪ ಈರುಳ್ಳಿ ಹಾಕುತ್ತಿದ್ದೇನೆ. ರುಚಿಸದಿದ್ದರೆ ಆತನೇ ಎದ್ದು ಬಂದು ಎರಡು ನಕ್ಷತ್ರ ಕೊಡಲಿ.