ಅಕ್ಷರ ಮಾತ್ರ ಮುಟ್ಟುವ ಸ್ಕ್ರಿಪ್ಟು

ಕಾಲು ಮುರಿದುಕೊಂಡ ತನ್ನ ಅಕ್ಕನನ್ನು ನೋಡಿಕೊಳ್ಳಲು ನನ್ನಾಕೆ ಅವಳೂರಿಗೆ ಹೋಗಿ ಐದು ವಾರವಾಗಿತ್ತು. ಮನೆ ಎಷ್ಟು ನಿಶ್ಶಬ್ದವೆಂದರೆ, ಫ್ರಿಜ್ಜು ಗುರ್ ಎಂದರೂ ನಾನು "ಏನು?" ಎನ್ನುತ್ತಿದ್ದೆ. ಅವಳ ಫೋನು ಭಾನುವಾರ ಮಾತ್ರ. "ಊಟ ಆಯ್ತಾ, ಗ್ಯಾಸ್ ಆರಿಸಿದ್ರಾ", ಅಷ್ಟೇ.

ಹೊತ್ತು ಹೋಗದೆ ಅವಳ ವೆಬ್ ಪುಟ ಓದಲು ಕುಳಿತೆ. ಅವಳು ಟೈಲರ್, ಹಳೇ ಬಟ್ಟೆ ರಿಪೇರಿ ಮಾಡುವ ಬಗೆಯನ್ನು ಅಲ್ಲಿ ಬರೆಯುತ್ತಾಳೆ. ನೋಡಿದರೆ 'ಗಂಡನ ಹರಿದ ಜೇಬು', 'ಗಂಡನ ಸವೆದ ಕಾಲರ್'. ಲೋಕದ ಚಿಂದಿಯೆಲ್ಲ ನನ್ನ ಮೈಮೇಲೆಯೇ. (ಕಾಲರ್ ಸವೆದದ್ದು ನಿಜ. ಆದರೂ.) ಆಫೀಸಿನ ವೆಬ್ ಪುಟಗಳನ್ನು ತಿದ್ದುವುದೇ ನನ್ನ ಕಸುಬು, ಅವಳ ಪುಟದ ಪಾಸ್‌ವರ್ಡೂ ನನ್ನ ಬಳಿಯಿತ್ತು. 'ಗಂಡ' ಕಂಡಲ್ಲೆಲ್ಲ 'ಯಜಮಾನ' ಎಂದು ಒಂದೇ ಏಟಿಗೆ ಬದಲಾಯಿಸಿ ಪಟ್ಟಾಭಿಷೇಕ ಮಾಡಿಕೊಂಡೆ.

ಗಂಟೆಯೊಳಗೆ ಫೋನು. ಅದೂ ಬುಧವಾರ.

"ರೀ, ಏನ್ ಮಾಡಿದ್ರಿ? ಫೋಟೋ ಒಂದೂ ಬರ್ತಿಲ್ಲ. ಪ್ರೆಸ್ ಬಟನ್ನಿನ ಗಂಡು ಭಾಗ ಹೋಗಿ 'ಯಜಮಾನು ಭಾಗ' ಆಗಿದೆ."

"ಸ್ವಲ್ಪ ಗೌರವ ಬರಲಿ ಅಂತ..."

"ಕತ್ತರಿ ಹಾಕೋ ಮುಂಚೆ ಬಟ್ಟೆ ನೋಡ್ಬೇಕಲ್ವಾ?"

ಫೋಟೋ ಫೈಲುಗಳ ಹೆಸರಲ್ಲೂ ಅವಳು 'ಗಂಡ' ಎಂದೇ ಬರೆದಿದ್ದಳು. ಪುಟದಲ್ಲಿ ಅವುಗಳ ವಿಳಾಸ ಬದಲಾಗಿ, ಚಿತ್ರಗಳು ದಿಕ್ಕು ತಪ್ಪಿದ್ದವು. ಅಂದು ಬೈಯಲಿಕ್ಕೆಂದೇ ಮೂರು ಸಲ ಫೋನ್ ಮಾಡಿದಳು. ನಡುನಡುವೆ ಅಕ್ಕನ ಹಟ, ತನ್ನ ಸೊಂಟನೋವು ಎಲ್ಲ ಹೇಳಿದಳು.

ಪುಣ್ಯಕ್ಕೆ ಹಳೇ ಪ್ರತಿ ತೆಗೆದಿಟ್ಟಿದ್ದೆ, ಅದನ್ನೇ ವಾಪಸು ಹಾಕಿದೆ. ಈ ಸಲ ಮರ್ಯಾದೆಯಿಂದ ಒಂದು ಸ್ಕ್ರಿಪ್ಟು, ಅಂದರೆ ಪುಟ್ಟ ಪ್ರೋಗ್ರಾಮು, ಬರೆದೆ. ಅದು ಪುಟವನ್ನು ಬಿಡಿಸಿ ಪುಟ ಕಟ್ಟುವ ಗುರುತುಗಳಾದ ಟ್ಯಾಗು ಬೇರೆ, ಓದುವ ಬರಹ ಬೇರೆ ಮಾಡುತ್ತದೆ. ಟ್ಯಾಗು, ವಿಳಾಸ ಯಾವುದನ್ನೂ ಮುಟ್ಟದೆ, ನಡುವಿನ ಬರಹದಲ್ಲಿ ಹೇಳಿದ ಪದವನ್ನಷ್ಟೇ ತಿದ್ದುತ್ತದೆ. ಎಲ್ಲ ಸರಿಹೋಯಿತು. ಫೋನೂ ನಿಂತುಹೋಯಿತು.

ಗುರುವಾರ ಇಲ್ಲ. ಶುಕ್ರವಾರ ಇಲ್ಲ.

ಶನಿವಾರ ಅದೇ ಸ್ಕ್ರಿಪ್ಟಿನಿಂದ, ಅತ್ಯಂತ ಸುರಕ್ಷಿತವಾಗಿ, 'ಸೂಜಿ'ಯನ್ನು 'ಸೂಚಿ' ಮಾಡಿದೆ. ಫೋನು ಬಂತು. ಮರುದಿನ ಅದನ್ನು ಸರಿಮಾಡಿ 'ದಾರ' ಕೆಡಿಸಿದೆ, 'ಸೂಜಿಗೆ ದ್ವಾರ ಪೋಣಿಸಿ' ಎಂದಾಯಿತು. ಭಾನುವಾರದ ಒಂದು ಫೋನು ಎರಡಾಯಿತು. ನಾಲ್ಕು ದಿನ ಸುಖವಾಗಿದ್ದೆ.

ಐದನೆಯ ದಿನ ಅವಳು ಕೇಳಿದಳು: "ಫೋಟೋ ಎಲ್ಲ ನೆಟ್ಟಗಿದೆ. ದಿನಾ ಒಂದೊಂದು ಅಕ್ಷರ ಮಾತ್ರ ಕೆಡುತ್ತೆ, ಅದೂ ನಾನು ಕೆಲಸ ಮುಗಿಸಿ ಕೂತಾಗ. ಬೇಕಂತಲೇ ಮಾಡ್ತಿದ್ದೀರಾ?"

"ಆಗಲಾದ್ರೂ ನಿನ್ನ ಫೋನ್ ಬರುತ್ತಲ್ಲ" ಎಂದೆ.

"ನೀವೇ ಫೋನ್ ಮಾಡೋಕೇನು?"

"ಮಾಡಿ ಏನನ್ನಲಿ?"

"ಇರೋದನ್ನ ಹೇಳಿ."

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆಡದ ಮಾತನ್ನು ಗಂಟಲು ಸರಿಮಾಡಿಕೊಂಡು ಆಡಿದೆ: "ನೀನಿಲ್ದೆ ಈ ಮನೇಲಿ ಇರೋಕಾಗ್ತಿಲ್ಲ ಕಣೇ."

ಆ ಕಡೆ ಮೂಗು ಎಳೆದ ಸದ್ದು ಕೇಳಿತು. ಆಮೇಲೆ ಮೆಲ್ಲಗೆ ಅಂದಳು:

"ಇನ್ನೊಂದ್ಸಲ ಜೋರಾಗಿ ಹೇಳಿ. ಸ್ಪೀಕರ್ ಹಾಕಿದ್ದೀನಿ, ಅಕ್ಕನಿಗೆ ಸರಿಯಾಗಿ ಕೇಳಿಸ್ಲಿಲ್ವಂತೆ."