ಸ್ವಾಮಿಗಳು ಉಣ್ಣಲೊಲ್ಲರು

ಮೀನಿನ ವಿಷಯ ಬರೆಯಲು ನನಗೆ ಅಧಿಕಾರವಿಲ್ಲ. ನಾನು ಬಲ್ಲ ಮೀನುಗಳೆಲ್ಲ ಸಾಲೆಯ ಪುಸ್ತಕದ ಚಿತ್ರಗಳು. ಅದರಲ್ಲೂ ಹಿರಿಯ ಜೀವವೊಂದು ಉಪವಾಸ ಬಿದ್ದ ಸಂಗತಿಯನ್ನು ನಗುತ್ತ ಹೇಳಬಹುದೋ ಇಲ್ಲವೋ ಎಂದು ಬಹಳ ಅಳುಕಿದೆ. ತಪ್ಪಿದ್ದರೆ ಮನ್ನಿಸಬೇಕು. ಚನ್ನವೀರಪ್ಪ ಪಟ್ಟ ಪಾಡನ್ನು ಯಾರಾದರೂ ಹೇಳಲೇಬೇಕಲ್ಲ.

೧೯೭೪ರ ಬೇಸಿಗೆ. ಸೊಲ್ಲಾಪುರದ ಚಾದರದ ವ್ಯಾಪಾರಿ ಸಾತಲಿಂಗಪ್ಪನವರಿಗೆ ಮುಂಬಯಿಯ ಗಿರಾಕಿಯೊಬ್ಬರು ಪ್ರೀತಿಯಿಂದ ಸಮುದ್ರದ ಮೀನೊಂದನ್ನು ಕೊಟ್ಟರು. ಗಾಜಿನ ಪೆಟ್ಟಿಗೆ, ಡಬ್ಬಿಗಳಲ್ಲಿ ಉಪ್ಪುನೀರು, ಚೀಲದಲ್ಲಿ ಮೀನು, ಎಲ್ಲವನ್ನೂ ರೈಲಿನಲ್ಲಿ ತಂದವನು ಗುಮಾಸ್ತ ಚನ್ನವೀರಪ್ಪ. ದಾರಿಯುದ್ದಕ್ಕೂ ಆ ಚೀಲವನ್ನು ಹಸುಗೂಸಿನಂತೆ ಎದೆಗವಚಿಕೊಂಡು ಕೂತಿದ್ದ.

ಮೀನು ಹೆಬ್ಬೆರಳಿನಷ್ಟು. ಮೈಯೆಲ್ಲ ಕಾವಿ ಬಣ್ಣ, ಅದರ ಮೇಲೆ ಮೂರು ಬಿಳಿ ಪಟ್ಟೆ. ಕೆಟ್ಟದ್ದು ಅಲ್ಲಿಯೇ. ಸಾತಲಿಂಗಪ್ಪನವರ ತಾಯಿ ಕಸ್ತೂರಬಾಯಿ ಕನ್ನಡಕ ಏರಿಸಿ ನೋಡಿದರು, ಕೈ ಮುಗಿದರು.

"ಕಾವಿ ಉಟ್ಟಾರ, ಮೂರು ಬಟ್ಟಿನ ಇಬತ್ತಿ ಹಚ್ಚ್ಯಾರ. ಜಂಗಮರು ಮನಿಗಿ ಬಂದಾರ."

ಬಂದ ಜಂಗಮರು ಉಣ್ಣದೆ ತಾನು ಉಣ್ಣಬಾರದೆಂಬುದು ಆ ಮುದುಕಿ ಎಪ್ಪತ್ತು ವರ್ಷ ಮುರಿಯದ ನೇಮ. ಬಂದ ದಿನ ಮೀನು ಏನೂ ತಿನ್ನಲಿಲ್ಲ. ಕಸ್ತೂರಬಾಯಿಯೂ ತಿನ್ನಲಿಲ್ಲ. ಮರುದಿನ ಮುಂಜಾನೆ ಅವರ ಕೈ ನಡುಗುತ್ತಿತ್ತು. ಡಾಕ್ಟರು ಬಂದು ನಾಡಿ ಹಿಡಿದು, ಸಂಜೆಯೊಳಗೆ ಹೊಟ್ಟೆಗೆ ಏನೂ ಬೀಳದಿದ್ದರೆ ದವಾಖಾನೆಗೆ ಸೇರಿಸಬೇಕಾದೀತು ಎಂದರು.

ಸಾತಲಿಂಗಪ್ಪನವರು ಚನ್ನವೀರಪ್ಪನನ್ನು ಕರೆದರು. "ತಂದಾಂವ ನೀ. ಉಣಿಸಾಂವನೂ ನೀನ. ನಮ್ಮವ್ವಗ ಏನರ ಆತಂದ್ರ ನನ್ನ ಕಣ್ಣಮುಂದ ನಿಲ್ಲಬ್ಯಾಡ."

ಸುದ್ದಿ ಓಣಿಗೆ ಹಬ್ಬಿತು. ಪಕ್ಕದ ಮನೆಯ ಪಾರ್ವತಿಬಾಯಿ ಶೇಂಗಾ ಹಿಂಡಿ ಚಟ್ನಿ ತಂದು ಒಂದು ಚೂರು ಹಾಕಿದಳು. ಮೀನು ಅದನ್ನು ಬಾಯಿಗೆ ಹಾಕಿಕೊಂಡು, ಅಡಿಗೆ ಪರೀಕ್ಷೆ ಮಾಡುವ ಬೀಗರಂತೆ ಒಂದು ಕ್ಷಣ ಯೋಚಿಸಿ, ಉಗುಳಿತು. ಪಾರ್ವತಿಬಾಯಿಗೆ ಅವಮಾನವಾಯಿತು. ನೀರಿಗೆ ಬೆರಳದ್ದಿ ನೆಕ್ಕಿ ನೋಡಿ ತೀರ್ಪು ಕೊಟ್ಟಳು: "ಉಪ್ಪು ಜಾಸ್ತಿ ಆಗ್ಯಾದ. ಹ್ಯಾಂಗ ಉಣತಾರ, ಪಾಪ?"

ಪೇಟೆಗೆ ಬಂದಿದ್ದ ಕುರನೂರಿನ ರೈತ ಭೀಮಶಾ, ತಮ್ಮೂರ ಡ್ಯಾಮಿನ ಮೀನುಗಳು ಗೋಧಿ ಹಿಟ್ಟಿಗೆ ಪ್ರಾಣ ಬಿಡುತ್ತವೆಂದು ಉಂಡೆ ಕಟ್ಟಿದ. ಗಾಳ ಎಲ್ಲಿ ಎಂದೂ ಕೇಳಿದ. ಅವನನ್ನು ಹೊರಗೆ ಕಳಿಸಬೇಕಾಯಿತು. ಮಧ್ಯಾಹ್ನದೊಳಗೆ ಸಜ್ಜಕ, ಹುಗ್ಗಿ, ಕಡಕ್ ರೊಟ್ಟಿಯ ಪುಡಿ ಎಲ್ಲ ಬಂದವು. ಪೆಟ್ಟಿಗೆಯ ಸುತ್ತ ಮುಖಗಳು ಹೆಚ್ಚಿದಂತೆ ಮೀನು ಮೂಲೆ ಸೇರಿತು.

ಚನ್ನವೀರಪ್ಪನಿಗೆ ಉಪಾಯ ಗೊತ್ತಿರಲಿಲ್ಲವೆಂದಲ್ಲ. ಮುಂಬಯಿಯಲ್ಲಿ ಮೀನು ಮಾರುವವನು ಸ್ಪಷ್ಟವಾಗಿ ಹೇಳಿದ್ದ: ಹೊಸ ಮೀನು ಹೆದರಿರುತ್ತದೆ, ಕತ್ತಲು ಮಾಡಿ, ಗದ್ದಲ ಮಾಡಬೇಡಿ, ಆಮೇಲೆ ಈ ಒಣ ಸೀಗಡಿಯ ಪುಡಿ ಒಂದು ಚಿಟಿಕೆ ಹಾಕಿ. ಆ ಪೊಟ್ಟಣ ಚನ್ನವೀರಪ್ಪನ ಸೈಕಲ್ಲಿನ ಸೀಟಿನ ಕೆಳಗಿನ ಚೀಲದಲ್ಲಿತ್ತು. ಹಿಂದಿನ ದಿನದಿಂದ ಓಣಿಯ ಬೆಕ್ಕುಗಳೆಲ್ಲ ಅವನ ಸೈಕಲ್ಲಿನ ಹಿಂದೆ ಮೆರವಣಿಗೆ ಹೊರಟಿದ್ದವು. ಆದರೆ ಬೆಳ್ಳುಳ್ಳಿ ದಾಟಿ ಮುಂದೆ ಹೋಗದ ಆ ಮನೆಯೊಳಗೆ ಸೀಗಡಿ ಒಯ್ಯುವುದೇ? ಅದೂ ಜಂಗಮರಿಗೆ?

ನಾಲ್ಕು ಗಂಟೆಗೆ ಕಸ್ತೂರಬಾಯಿ ಗೋಡೆಗೆ ಒರಗಿದರು. ತುಟಿ ಒಣಗಿತ್ತು. ಆದರೂ ಅವನನ್ನೇ ಸಮಾಧಾನ ಮಾಡಿದರು: "ನೀ ಉಂಡಿಯೇನೋ ತಮ್ಮಾ? ನನ್ನ ನೇಮ ನನಗ. ನೀ ಹೋಗಿ ಒಂದೀಟ ಉಂಡು ಬಾ."

ಆ ಮಾತು ಕೇಳಿ ಅವನಿಗೆ ತಡೆಯಲಾಗಲಿಲ್ಲ. ಹೊರಗೆ ಹೋಗಿ ಪೊಟ್ಟಣ ತಂದ. ಸ್ವಾಮಿಗಳಿಗೆ ಏಕಾಂತ ಬೇಕೆಂದು ಎಲ್ಲರನ್ನೂ ಪಡಸಾಲೆಗೆ ಅಟ್ಟಿದ. ಗಾಜಿನ ಮೇಲೆ ಅಂಗಡಿಯ ದಪ್ಪ ಚಾದರ ಹೊದಿಸಿದ. ಕಸ್ತೂರಬಾಯಿ ಮಾತ್ರ ಏಳಲಿಲ್ಲ.

ಅರ್ಧ ಗಂಟೆ ಅಲುಗದೆ ಕೂತ. ಆಮೇಲೆ ಚಾದರದ ಅಂಚು ಸರಿಸಿ, ಒಂದು ಚಿಟಿಕೆ ಉದುರಿಸಿದ. ಮೀನು ಮುಂದೆ ಬಂತು, ನಿಂತಿತು. ಒಂದು ಕಣ ನುಂಗಿತು. ಮತ್ತೊಂದು. ಆಮೇಲೆ ಉಳಿದದ್ದನ್ನು ಬೆನ್ನಟ್ಟಿ ಬೆನ್ನಟ್ಟಿ ನುಂಗಿತು. ಹೆಬ್ಬೆರಳಿನಷ್ಟು ಜೀವ, ಗುರುತಿಲ್ಲದ ಊರಿನಲ್ಲಿ ಬದುಕುತ್ತೇನೆಂದು ನಿರ್ಧಾರ ಮಾಡಿದ್ದನ್ನು ಅವನು ಕಣ್ಣಾರೆ ಕಂಡ. ಕಣ್ಣು ತುಂಬಿ ಬಂತು.

"ಉಂಡ್ರು," ಎಂದರು ಕಸ್ತೂರಬಾಯಿ. ಪಡಸಾಲೆಯ ಜನವೆಲ್ಲ ಒಳಗೆ ನುಗ್ಗಿತು.

ಸಾತಲಿಂಗಪ್ಪನವರು ಹಾಲಿನ ಬಟ್ಟಲು ತಂದರು. ಮುದುಕಿ ಬಟ್ಟಲು ಮುಟ್ಟಲಿಲ್ಲ. ಚನ್ನವೀರಪ್ಪನ ಮುಂದೆ ಅಂಗೈ ಚಾಚಿದರು.

"ಸ್ವಾಮಿಗೋಳು ಉಂಡು ಉಳಿದದ್ದು ಪ್ರಸಾದ. ಮೊದಲ ಅದು, ಆಮ್ಯಾಲ ಹಾಲು."

ಅವರ ಹಿಂದೆ ಇನ್ನೂ ಹತ್ತು ಅಂಗೈಗಳು ಚಾಚಿದವು. ಪೊಟ್ಟಣ ಚನ್ನವೀರಪ್ಪನ ಮುಷ್ಟಿಯಲ್ಲಿತ್ತು. ಹುಟ್ಟಿದಾಗಿನಿಂದ ಮೊಟ್ಟೆ ಸಹ ಮುಟ್ಟದವನು. ಎಪ್ಪತ್ತು ವರ್ಷ ನೇಮ ಕಾಯ್ದ ಆ ಅಂಗೈಯನ್ನು ಒಮ್ಮೆ ನೋಡಿದ. ಕಣ್ಣು ಮುಚ್ಚಿ, ಪುಡಿಯಷ್ಟನ್ನೂ ತನ್ನ ಬಾಯಿಗೆ ಸುರಿದುಕೊಂಡು ನುಂಗಿಬಿಟ್ಟ.

ಪಾರ್ವತಿಬಾಯಿ, ಇಷ್ಟು ಆಸೆಬುರುಕ ಮನುಷ್ಯನನ್ನು ತಾನು ಕಂಡಿಲ್ಲವೆಂದಳು. ಸಾತಲಿಂಗಪ್ಪನವರ ಮುಖ ಕೆಂಪಾಯಿತು.

"ಯಾರೂ ಬೈಬ್ಯಾಡ್ರಿ," ಎಂದರು ಕಸ್ತೂರಬಾಯಿ. "ಇಂಥಾ ಭಕ್ತಿ ನಾ ಎಲ್ಲೂ ನೋಡಿಲ್ಲ. ಇನ್ನ ಮ್ಯಾಲ ದಿನಾ ಎರಡು ಹೊತ್ತು ಸ್ವಾಮಿಗೋಳಿಗಿ ಇವನ ಉಣಿಸ್ಲಿ. ಪ್ರಸಾದನೂ ಇವನ ತಗೋಲಿ, ಪೂರಾ. ಇಂವ ತಗೊಂಡ ಮ್ಯಾಲನ ನಾ ತುತ್ತು ಎತ್ತತೀನಿ."

ಅಷ್ಟು ಹೇಳಿ ಹಾಲು ಕುಡಿದರು.

ಪಡಸಾಲೆಯಲ್ಲಿ ಕೂತೇ ಯಾರ ಮನೆಯ ಒಗ್ಗರಣೆ ಸೀದಿತೆಂದು ಹೇಳುವ ಮೂಗು ಕಸ್ತೂರಬಾಯಿಯದು. ಆ ಸಂಜೆ ಅವನಿಂದ ಎರಡೇ ಮೊಳ ದೂರದಲ್ಲಿ ಕೂತಿದ್ದರು. ಅವರಿಗೆ ವಾಸನೆ ಗೊತ್ತಾಗಿತ್ತೋ ಇಲ್ಲವೋ ನನಗೆ ತಿಳಿಯದು. ಕೇಳುವ ಧೈರ್ಯ ಚನ್ನವೀರಪ್ಪನಿಗೂ ಆಗಲಿಲ್ಲ.