ಬೆಳಕಿನ ವೇಗಮಿತಿಯಿಂದ ಆಂಬುಲೆನ್ಸಿಗೆ ವಿನಾಯಿತಿ ಕೋರಿ

ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡಿಯೂ ಏದುಸಿರು ಬಿಡದ, ಲೋಕ ಹುಟ್ಟಿದಂದಿನಿಂದ ಯಾರಿಗೂ ದಾರಿ ಬಿಟ್ಟುಕೊಡದ ಬೆಳಕು ಮಹಾಶಯರ ಸನ್ನಿಧಾನಕ್ಕೆ, ಆಂಬುಲೆನ್ಸ್ ಓಡಿಸುವ ಬಡಪಾಯಿಯೊಬ್ಬನ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಇತ್ತ ನಮ್ಮ ಮನೆಯಲ್ಲಿ ಅಷ್ಟೇನೂ ಕ್ಷೇಮವಿಲ್ಲ. ನನ್ನ ಹೆಂಡತಿಯ ತಂದೆ, ಅಂದರೆ ನಮ್ಮ ಮಾವನವರು, ಜೀವಮಾನವೆಲ್ಲ ಅಂಗಡಿಗಳಿಗೆ ಬೋರ್ಡು ಬರೆದವರು. ಹೋದ ತಿಂಗಳು ಅವರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿತು. ನಾದಿನಿಯ ಫೋನು ಬಂದ ಕೂಡಲೇ ಹಾಸಿಗೆಯಿಂದ ಎದ್ದವನು ಗಾಡಿ ತೆಗೆದುಕೊಂಡು ಊರಿನ ಆ ತುದಿಗೆ ಓಡಿದೆ; ನಡುವೆ ರೈಲ್ವೆ ಗೇಟು ಹಾಕಿತ್ತು. ಸ್ವಲ್ಪ ಮುಂಚೆ ಕರೆತಂದಿದ್ದರೆ ಕೈ ಉಳಿಯುತ್ತಿತ್ತೆಂದು ಡಾಕ್ಟರು ಹೇಳಿದರು. ಊರವರನ್ನೆಲ್ಲ ಹೊತ್ತು ತಿರುಗುವ ಅಳಿಯ ಸ್ವಂತ ಮಾವನಿಗೇ ತಡ ಮಾಡಿದನೆಂದು ನೆಂಟರು ಆಡಿಕೊಂಡದ್ದಲ್ಲದೆ, ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನೂ ನನ್ನ ಕಿವಿಗೆ ಬೀಳುವಂತೆ ಹೇಳಿದರು. ಗಾದೆ ತಮ್ಮ ಮನೆತನಕ್ಕೂ ಸಂಬಂಧಪಟ್ಟದ್ದಾದ್ದರಿಂದ ತಮ್ಮ ಗಮನಕ್ಕೆ ತಂದಿದ್ದೇನೆ.

ಸ್ವಾಮೀ, ನಮ್ಮ ಗಾಡಿಗೆ ಎಲ್ಲ ಕಡೆಯೂ ವಿನಾಯಿತಿಯಿದೆ. ಕೆಂಪು ದೀಪ ದಾಟಬಹುದು, ಏಕಮುಖ ರಸ್ತೆಗೆ ಎದುರಿನಿಂದ ನುಗ್ಗಬಹುದು, ಸೈರನ್ ಕೇಳಿದರೆ ದೊಡ್ಡ ದೊಡ್ಡ ಸಾಹೇಬರ ಕಾರುಗಳೂ ಪಕ್ಕಕ್ಕೆ ಸರಿಯುತ್ತವೆ, ಸರಿದವು ಮರುಕ್ಷಣವೇ ನಮ್ಮ ಬಾಲ ಹಿಡಿದು ಬಿಟ್ಟಿ ದಾರಿಯಲ್ಲಿ ಓಡುತ್ತವೆ. ತಮ್ಮದೊಂದು ವೇಗಮಿತಿಗೆ ಮಾತ್ರ ತುರ್ತು ಸೇವೆ, ಮಾಮೂಲಿ ಸೇವೆ ಎಂಬ ಭೇದವೇ ಇಲ್ಲ. ಇಷ್ಟು ವರ್ಷ ಇದು ನನ್ನ ಅರಿವಿಗೇ ಬಂದಿರಲಿಲ್ಲ. ನನ್ನ ಗಾಡಿ ಇಳಿಜಾರಿನಲ್ಲೂ ತಮ್ಮ ಸಮೀಪಕ್ಕೆ ಸುಳಿಯುವಂಥದ್ದಲ್ಲ.

ತಿಳಿಸಿದವಳು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅದೇ ನಾದಿನಿ. ನಮ್ಮ ಊಟದ ಮೇಜಿನ ಮೇಲೆ ಒಂದು ಲೋಟ, ಒಂದು ಉಪ್ಪಿನ ಡಬ್ಬಿ ಇಟ್ಟು ಪಾಠ ಮಾಡಿದಳು. ಕೂತವನ ‘ಈಗ’ ಬೇರೆ, ಓಡುವವನ ‘ಈಗ’ ಬೇರೆಯಂತೆ. ತಮ್ಮನ್ನು ಯಾರೂ ಹಿಂದೆ ಹಾಕದಿರುವ ತನಕ ಈ ಭೇದದಿಂದ ತೊಂದರೆಯಿಲ್ಲ, ಕಾರಣ ಮೊದಲು, ಪರಿಣಾಮ ಆಮೇಲೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಲೋಟವು ತಮ್ಮನ್ನು ಮೀರಿ ಓಡಿತೆನ್ನಿ, ಪಕ್ಕದಲ್ಲಿ ಭರ್ರನೆ ಹೋಗುತ್ತಿರುವ ಯಾರೋ ಒಬ್ಬರ ಲೆಕ್ಕಕ್ಕೆ ಅದು ಹೊರಡುವ ಮೊದಲೇ ತಲುಪಿಬಿಟ್ಟಿರುತ್ತದೆ. ಅವರ ಲೆಕ್ಕವನ್ನೇ ಹಿಡಿದು ಅದೇ ಓಟದಲ್ಲಿ ಹಿಂತಿರುಗಿದರೆ, ನಿಜವಾಗಿಯೂ ತಾನು ಹೊರಟ ಗಳಿಗೆಗಿಂತ ಮುಂಚೆ ಮನೆ ಸೇರುತ್ತದೆ. ಆಕೆ ಇದನ್ನು ಹೇಳಿದ್ದು ಒಂದು ಅನರ್ಥವೆಂಬಂತೆ. ನನಗೆ ಮಾತ್ರ ಆ ತಿಂಗಳೆಲ್ಲ ಕೇಳಿದ ಮೊದಲ ಶುಭಸುದ್ದಿ ಅದೇ ಆಗಿತ್ತು.

ಆದಕಾರಣ ವರ್ಷಕ್ಕೊಮ್ಮೆಯಾದರೂ, ಅದೂ ಸ್ವಂತ ಮಾವಂದಿರ ವಿಷಯದಲ್ಲಿ ಮಾತ್ರ, ತಮ್ಮನ್ನು ಹಿಂದೆ ಹಾಕಲು ಅಪ್ಪಣೆ ಕೊಡಬೇಕೆಂದು ಬೇಡುತ್ತೇನೆ. ಇದರ ತೊಡಕುಗಳು ನನಗೆ ತಿಳಿಯದವೇನಲ್ಲ. ಕರೆಗೆ ಮೊದಲೇ ಹೋಗಿ ಬಾಗಿಲು ತಟ್ಟಿದರೆ, ಕಿವಿಗೆ ಬ್ರಷ್ ಸಿಕ್ಕಿಸಿಕೊಂಡ ಮಾವನವರು ಗಟ್ಟಿಮುಟ್ಟಾಗಿ ಬಂದು, ಯಾರಿಗೆ ಏನಾಯಿತೆಂದು ನನ್ನನ್ನೇ ಕೇಳುತ್ತಾರೆ. ಹೇಗೋ ಸ್ಟ್ರೆಚರಿನ ಮೇಲೆ ಮಲಗಿಸಿ ಒಯ್ದರೆ, ಆಸ್ಪತ್ರೆಯ ಗುಮಾಸ್ತರು ಕಾಯಿಲೆ ಯಾವುದೆನ್ನುತ್ತಾರೆ, ಇನ್ನೂ ಬಂದಿಲ್ಲ ಎಂದು ನಾನು ಬರೆಸಬೇಕು. ಕೈ ಉಳಿದರೆ ಫೋನು ಬರುವುದಿಲ್ಲ, ಫೋನು ಬರದಿದ್ದರೆ ನಾನು ಹೊರಡುವುದಿಲ್ಲ, ನಾನು ಹೊರಡದಿದ್ದರೆ ಕೈ ಉಳಿಯುವುದಿಲ್ಲ. ಇಂಥ ಗೋಜಲು ಆಗದಿರಲೆಂದೇ ತಾವು ಗಡಿ ಕಾಯುತ್ತಿದ್ದೀರೆಂದು ನಾದಿನಿ ತಮ್ಮನ್ನು ಬಾಯ್ತುಂಬ ಹೊಗಳಿದಳು. ನಾನೂ ಹೊಗಳುತ್ತೇನೆ. ತಮ್ಮ ಆಡಳಿತದಲ್ಲಿ ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಬಹುದೇ ಹೊರತು ತೊಡಿಸಲಾಗದು. ಇಷ್ಟು ಶಿಸ್ತಿನ ಇಲಾಖೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಷ್ಟು ದೊಡ್ಡ ವಿನಾಯಿತಿ ಬೇಡ, ಆ ರೈಲ್ವೆ ಗೇಟಿನಲ್ಲಿ ಕಳೆದ ಹೊತ್ತನ್ನಾದರೂ ವಾಪಸು ಕೊಡಿಸೆಂದು ನಾನು ಚೌಕಾಸಿಗೆ ಇಳಿದಾಗ, ನಾದಿನಿ ಪಾಠ ನಿಲ್ಲಿಸಿದಳು. ಲೋಟವನ್ನು ಪಕ್ಕಕ್ಕಿಟ್ಟು ಹೇಳಿದಳು: “ಭಾವ, ನೀವು ತಡ ಮಾಡ್ಲಿಲ್ಲ. ಅಪ್ಪನ ಕೈಯಿಂದ ಬ್ರಷ್ ಜಾರಿದ್ದು ಬೆಳಿಗ್ಗೆ, ನಾನು ಕಾಲೇಜಿಗೆ ಹೋದ ಸ್ವಲ್ಪ ಹೊತ್ತಿಗೇ. ಅಳಿಯಂದಿರು ರಾತ್ರಿ ಪಾಳಿ ಮುಗಿಸಿ ಮಲಗಿರ್ತಾರೆ, ಎದ್ದ ಮೇಲೆ ಹೇಳಿದ್ರಾಯ್ತು ಅಂತ ಸುಮ್ಮನೆ ಕೂತಿದ್ರಂತೆ. ಮಧ್ಯಾಹ್ನ ನಾನು ಬಂದು ನೋಡೋವರೆಗೂ.”

ಮಾನ್ಯರೇ, ಆಕೆಯ ಫೋನು ನನ್ನನ್ನು ತಲುಪಿದ್ದು ತಮ್ಮ ಬಂಧುಬಳಗದವರಾದ ರೇಡಿಯೋ ಅಲೆಗಳ ಹೆಗಲೇರಿ, ರೆಪ್ಪೆ ಮಿಟುಕಿಸುವುದರೊಳಗೆ. ಅದಕ್ಕಿಂತ ಬೇಗ ತಲುಪಿದ್ದರೂ ಆಗಬೇಕಾದದ್ದು ಏನೂ ಇರಲಿಲ್ಲ. ಮಾವನವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾರಿಗೆ ಬೇಕಿತ್ತು ಆ ನಿದ್ದೆ? ಗೊರಕೆ ಹೊಡೆಯುತ್ತಿದ್ದ ನನ್ನನ್ನು ಫೋನು ಮಾಡಿ ಎಬ್ಬಿಸುವಷ್ಟು ಸಲಿಗೆಯನ್ನು ಇಷ್ಟು ವರ್ಷದಲ್ಲಿ ಅವರೂ ತೆಗೆದುಕೊಳ್ಳಲಿಲ್ಲ, ನಾನೂ ಕೊಡಲಿಲ್ಲ. ಈಗ ಅವರು ಎಡಗೈಯಲ್ಲಿ ಅಕ್ಷರ ತಿದ್ದುತ್ತ ಕೂತಿರುವಾಗ, ಎದುರು ನಿಂತು ದನಿ ಎತ್ತಲು ನನಗೆ ಬಾಯಿ ಬರುವುದಿಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುವಂತೆ, ತಮಗೆ ಬರೆದಿದ್ದೇನೆ. ತಾವು ದೊಡ್ಡವರು, ಹೊಟ್ಟೆಗೆ ಹಾಕಿಕೊಳ್ಳಬೇಕು.

ಇಂತಿ ತಮ್ಮ ವಿಶ್ವಾಸಿ,
ತಮ್ಮ ಹಿಂದೆಯೇ ಉಳಿದ ಒಬ್ಬ ಚಾಲಕ

ಮರೆತ ಮಾತು: ವಿನಾಯಿತಿ ಮಂಜೂರಾಗಿದ್ದರೆ ತಮ್ಮ ಉತ್ತರ ನಾನು ಈ ಪತ್ರ ಬರೆಯುವ ಮೊದಲೇ ಬಂದಿರಬೇಕಿತ್ತು, ಬಂದಿಲ್ಲ, ಅರ್ಥವಾಯಿತು. ಇರಲಿ, ತಮ್ಮಿಂದ ಉತ್ತರವೇನೂ ಬೇಕಿಲ್ಲ. ಇದು ಬಹಿರಂಗ ಪತ್ರ, ನಮ್ಮ ಮಾವನವರು ಪೇಪರನ್ನು ಒಂದಕ್ಷರ ಬಿಡದೆ ಓದುವವರು.